ಇನ್ನೂರರ ಬದಲು ಐವತ್ತು

ಜೂನ್ ತಿಂಗಳ ಒಂದು ಮಂಗಳವಾರ. ಉಡುಪಿ ಸಂತೆಕಟ್ಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಹೊರಗೆ ಜೋರು ಮಳೆ. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್ ತೆರೆದರೆ ಬೆಂಗಳೂರಿನ ಕಂಪನಿಯ ಮೇಲ್. ಎರಡು ವರ್ಷದಿಂದ ಅವರಿಗೆ ಪೋಸ್ಟರ್, ಬ್ರೋಷರ್ ಎಲ್ಲಾ ಡಿಸೈನ್ ಮಾಡಿಕೊಡುತ್ತಿದ್ದೆ. ಬಜೆಟ್ ಕಡಿಮೆ ಮಾಡಿದ್ದಾರೆ, ಹೊರಗಿನವರಿಗೆ ಕೊಡುವ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದಾರೆ. ಅಷ್ಟೇ, ಎರಡು ಸಾಲು. ನನ್ನ ಸಂಪಾದನೆಯ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು.

ನೌಕರಿಯಲ್ಲಿ ಇರುವವರಿಗಾದರೆ ನೋಟಿಸ್ ಅವಧಿ ಅಂತ ಒಂದು ಇರುತ್ತದೆ, ಪಿಎಫ್ ಇರುತ್ತದೆ. ಫ್ರೀಲಾನ್ಸ್ ಮಾಡುವವರಿಗೆ ಅದ್ಯಾವುದೂ ಇಲ್ಲ. ಕಂಪನಿ ಖರ್ಚು ಇಳಿಸಲು ಹೊರಟರೆ ಮೊದಲು ಹೋಗುವುದು ನಮ್ಮ ಕೆಲಸ, ಯಾಕೆಂದರೆ ನಮ್ಮನ್ನು ಬಿಡಲು ಒಂದು ಮೇಲ್ ಸಾಕು.

ಅಮ್ಮನಿಗೆ ಹೇಳಲಿಲ್ಲ. ಸುಮ್ನೆ ಕೂತು ಲೆಕ್ಕ ಹಾಕಿದೆ. ಖಾತೆಯಲ್ಲಿ 41 ಸಾವಿರ, ಲ್ಯಾಪ್‌ಟಾಪ್ ಕಂತು ಇನ್ನೂ ಐದು ಬಾಕಿ.

11 ಗಂಟೆಗೆ ಪಿಗ್ಮಿ ಅಣ್ಣ, ಅಂದರೆ ದಿನಾ ಮನೆಗೆ ಬಂದು ಉಳಿತಾಯದ ದುಡ್ಡು ಕಟ್ಟಿಸಿಕೊಳ್ಳುವವರು, ಬಂದರು. ಮಳೆ ಇರಲಿ ಬಿಸಿಲಿರಲಿ, ನಮ್ಮ ಸಹಕಾರಿ ಸೊಸೈಟಿಯ ಈ ಅಣ್ಣ ಬರುವುದು ತಪ್ಪುವುದಿಲ್ಲ. ದಿನಕ್ಕೆ 200 ರೂಪಾಯಿ ಕಟ್ಟುತ್ತಿದ್ದೆ. ಶುರು ಮಾಡಿಸಿದ್ದು ಅಮ್ಮ. "ನಿನಗೆ ದುಡ್ಡು ಬರುವ ದಿನ ಗೊತ್ತಿಲ್ಲ, ಎತ್ತಿಡುವ ದಿನವಾದ್ರೂ ಗೊತ್ತಿರಲಿ" ಅಂದಿದ್ದರು.

"ಅಣ್ಣ, ನಾಳೆಯಿಂದ ಬೇಡ. ಕೆಲಸ ನಿಂತಿತು" ಅಂದೆ.

ಅವರು ರೇನ್‌ಕೋಟ್ ಬಿಚ್ಚಿ ಜಗಲಿಯಲ್ಲೇ ಕೂತರು. "ನಿಲ್ಲಿಸ್ಬೇಡಿ ಮಾರಾಯ್ರೇ. ಐವತ್ತು ಮಾಡಿ. ಅದೂ ಆಗದಿದ್ರೆ ಇಪ್ಪತ್ತು. ಈಗ ತೆಗೆದ್ರೆ ಬಡ್ಡಿ ಹೋಗ್ತದೆ, ತೀರಾ ಬೇಕಾದ್ರೆ ಅದರ ಮೇಲೆ ಸಾಲ ಉಂಟಲ್ಲ." ಆಮೇಲೆ ಮಲ್ಪೆ ಕಡೆಯ ತಮ್ಮ ಗಿರಾಕಿಗಳ ವಿಷಯ ತೆಗೆದರು. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅಲ್ಲಿ ತುಂಬ ಮನೆಗಳಲ್ಲಿ ಸೀಸನ್‌ನಲ್ಲಿ ಕಟ್ಟುತ್ತಾರೆ, ಮಳೆಗಾಲದಲ್ಲಿ ತೆಗೆಯುತ್ತಾರೆ. "ಅವರಿಗೆ ಜೂನ್ ಬರ್ತದೆ ಅಂತ ಮೊದಲೇ ಗೊತ್ತುಂಟು. ನಿಮ್ಮ ಜೂನ್ ಯಾವಾಗ ಅಂತ ಗೊತ್ತಿಲ್ಲ, ಅಷ್ಟೇ" ಅಂದರು.

ಈ ಮಾತು ನನ್ನೊಳಗೆ ಎಷ್ಟು ಇಳಿಯಿತು ಅಂದರೆ, ಅವರು ಹೋದ ಮೇಲೂ ಅಲ್ಲೇ ನಿಂತಿದ್ದೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಕಡೆ. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಶುರುವಾದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ದಿನಕ್ಕೆ ಎರಡಾಣೆಯ ಹಾಗೆ ಮನೆ ಮನೆಗೆ ಹೋಗಿ ದುಡ್ಡು ಸಂಗ್ರಹಿಸುವ ಪಿಗ್ಮಿಯನ್ನು 1928ರಲ್ಲಿ ತಂದದ್ದು ಅದೇ ಬ್ಯಾಂಕು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿಹೋಯಿತು, ಪಿಗ್ಮಿ ಮಾತ್ರ ಇನ್ನೂ ನಮ್ಮ ಜಗಲಿಗೆ ಬರುತ್ತದೆ. ಸಂಬಳ ಅಂತ ಇಲ್ಲದವರಿಗೆ ಮಾಡಿದ ಪದ್ಧತಿ ಅದು. ಹಾಗಾದರೆ ನನಗೇ ಮಾಡಿದ್ದು ಅಲ್ವಾ?

ಅಮ್ಮ ಒಳಗಿನಿಂದ ಎಲ್ಲಾ ಕೇಳಿಸಿಕೊಂಡಿದ್ದರು. ಬೈಯಲಿಲ್ಲ. "ಮಗಳೇ, ನಿನಗೆ ಬರಬೇಕಾದ್ದು ಎಷ್ಟುಂಟು?" ಅಂತ ಕೇಳಿದರು.

ನಾನು ಯೋಚಿಸುತ್ತಿದ್ದದ್ದು ಹೊಸ ಕೆಲಸ ಎಲ್ಲಿ ಸಿಗುತ್ತದೆ ಅಂತ. ಅಮ್ಮ ಕೇಳಿದ್ದು ಆಗಲೇ ದುಡಿದದ್ದನ್ನು. ಹಳೆಯ ನೋಟ್‌ಬುಕ್‌ನಲ್ಲಿ ಬರೆದೆವು. 28,000, 17,500, 9,000. ಮೂರು ಬಿಲ್, ಒಟ್ಟು 54,500. ಖಾತೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ! ಕೇಳಿದರೆ ಬೇಸರ ಮಾಡಿಕೊಂಡಾರು, ಮುಂದಿನ ಕೆಲಸ ಕೊಡಲಿಕ್ಕಿಲ್ಲ ಅಂತ ಹೆದರಿ ನಾಲ್ಕು ತಿಂಗಳು ಕೇಳಿರಲಿಲ್ಲ. ಆದರೆ ಮಾರುಕಟ್ಟೆ ಕುಸಿಯುವಾಗ ಕಾಯುವುದು ಜಾಸ್ತಿ ಅಪಾಯ, ಯಾಕೆಂದರೆ ಇವತ್ತು ತಡ ಮಾಡುವ ಪಾರ್ಟಿ ನಾಳೆ ಬಾಗಿಲನ್ನೇ ಹಾಕಿಬಿಡಬಹುದು. ಮಧ್ಯಾಹ್ನ ಊಟಕ್ಕೂ ಮೊದಲು ಮೂವರಿಗೂ ಫೋನ್ ಮಾಡಿದೆ. ಧ್ವನಿ ನಡುಗುತ್ತಿತ್ತು. ಅಮ್ಮ ಪಕ್ಕದಲ್ಲೇ ಕೂತಿದ್ದರು.

ಕಳೆದ ವರ್ಷದ ಬಿಲ್‌ಗಳಲ್ಲಿ ಶೇ 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿಯುವ ತೆರಿಗೆ, ಹಿಡಿದಿದ್ದರು. ನನ್ನ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ, ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ. ಅದನ್ನೂ ಆ ವಾರವೇ ಹಾಕಿದೆ. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿಯನ್ನೂ ಮಾಡಿಸಿದೆ, ಸರ್ಕಾರಿ ಜಾಲತಾಣದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ನೋಂದಣಿ ಇದ್ದರೆ ಕೆಲಸ ಕೊಟ್ಟವರು ಹೆಚ್ಚೆಂದರೆ 45 ದಿನದೊಳಗೆ ಪಾವತಿ ಮಾಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ತಡವಾದರೆ ಬಡ್ಡಿಯೂ ಸೇರುತ್ತದೆ. ಹಳೆಯ ಬಿಲ್‌ಗೆ ಇದು ನನಗೆ ಉಪಯೋಗಕ್ಕೆ ಬರಲಿಲ್ಲ. ಇನ್ನು ಮುಂದಿನ ಪ್ರತಿ ಬಿಲ್‌ನಲ್ಲೂ ಆ ನೋಂದಣಿ ನಂಬರ್ ಹಾಕುತ್ತೇನೆ.

ಮರುದಿನ 11 ಗಂಟೆಗೆ ಅಣ್ಣನ ಕೈಗೆ 50 ರೂಪಾಯಿ ಕೊಟ್ಟೆ. ಅವರು ಏನೂ ಹೇಳದೆ ಮಷೀನ್‌ನಲ್ಲಿ ಒತ್ತಿ ಚೀಟಿ ಕೊಟ್ಟರು.

9,000 ಎರಡು ದಿನದಲ್ಲಿ ಬಂತು. 17,500 ತಿಂಗಳ ಕೊನೆಗೆ. 28,000 ಇನ್ನೂ ಬಂದಿಲ್ಲ, ಸೋಮವಾರ ಬೆಳಿಗ್ಗೆ ಮತ್ತೆ ಫೋನ್ ಮಾಡಬೇಕು.