ಮೈನಸ್ ಮೂವತ್ತರ ಚಳಿಗೆ ಕೋಳಿ, ಕೆನೆ ಮತ್ತು ಪಾಸ್ತಾದ ಸೂಪು

2019ರ ಜನವರಿ 30ರಂದು ಬೆಳಿಗ್ಗೆ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಶಾಲೆಗಳಿಗೆ ರಜೆ ಕೊಟ್ಟಿದ್ದರು, ಅಂಚೆಯವರು ಆ ದಿನ ಟಪಾಲು ಹಂಚುವುದನ್ನೇ ನಿಲ್ಲಿಸಿದ್ದರು. ಧಾರವಾಡ ಬಿಟ್ಟು ಬಂದ ನಮಗೆ ಅದು ಎರಡನೆಯ ಚಳಿಗಾಲ. ನಾಲ್ಕು ವರ್ಷದ ಮಗಳಿಗೆ ನೆಗಡಿ, ಕೆಮ್ಮು ಹಿಡಿದು ಮೂರು ದಿನಗಳಾಗಿದ್ದವು. ಅನ್ನ ಸಾರು ಕಲಸಿ ಕೊಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ, ಕಣ್ಣು ಮಾತ್ರ ಕಾಣುವಂತೆ ಮಫ್ಲರ್ ಸುತ್ತಿಕೊಂಡು, ಎರಡು ಟವೆಲ್‌ಗಳಲ್ಲಿ ಸುತ್ತಿದ ಗಾಜಿನ ಭರಣಿಯೊಂದನ್ನು ಎದೆಗೆ ಅವುಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಎರಡು ಮನೆಗಳ ನಡುವೆ ಇರುವುದು ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿಯೇ ಅವರ ಉಸಿರಿನ ಹಬೆ ರೆಪ್ಪೆಗೂದಲಿಗೆ ಕಟ್ಟಿಕೊಂಡು ಬೆಳ್ಳಗೆ ಹೆಪ್ಪುಗಟ್ಟಿತ್ತು. ಭರಣಿಯ ಮುಚ್ಚಳ ತೆರೆದಾಗ ಬೆಣ್ಣೆ ಮತ್ತು ಮೆಣಸಿನ ವಾಸನೆಯ ಹಬೆ ಅಡುಗೆಮನೆಯ ಕಿಟಕಿಗೆಲ್ಲ ಮುಸುಕಿತು.

ಅವರು ತಂದಿದ್ದುದು ಕೋಳಿ, ಕೆನೆ ಮತ್ತು ವೈಲ್ಡ್ ರೈಸ್ ಹಾಕಿದ ಸೂಪು. ವೈಲ್ಡ್ ರೈಸ್ ಎಂಬುದು ನಮ್ಮ ಭತ್ತವಲ್ಲ, ಮಿನೆಸೋಟದ ಕೆರೆಗಳಲ್ಲಿ ಬೆಳೆಯುವ ಒಂದು ಬಗೆಯ ಹುಲ್ಲಿನ ಉದ್ದನೆಯ ಕಪ್ಪು ಕಾಳು. ಇಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನರು ಅದನ್ನು ಮನೋಮಿನ್ ಎನ್ನುತ್ತಾರೆ; ದೋಣಿಯಲ್ಲಿ ಸಾಗುತ್ತ ಒಂದು ಕೋಲಿನಿಂದ ತೆನೆಯನ್ನು ಬಾಗಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟಿ, ಕಾಳನ್ನು ದೋಣಿಯೊಳಗೇ ಉದುರಿಸಿಕೊಳ್ಳುತ್ತಾರೆ. 1977ರಿಂದ ಅದು ಈ ರಾಜ್ಯದ ಅಧಿಕೃತ ಧಾನ್ಯವೂ ಹೌದು. ನನ್ನ ಮಗಳು ಮಾತ್ರ ಕಪ್ಪು ಕಾಳುಗಳನ್ನೆಲ್ಲ ಬಟ್ಟಲಿನ ಅಂಚಿಗೆ ಸರಿಸಿ, ಉಳಿದುದನ್ನು ಕೊನೆಯ ಹನಿಯವರೆಗೂ ಕುಡಿದಳು. ಮೂರು ದಿನಗಳ ಮೇಲೆ ಮಗು ಹೊಟ್ಟೆ ತುಂಬ ಉಂಡದ್ದನ್ನು ಕಂಡು ನನಗೆ ಕಣ್ಣು ತುಂಬಿ ಬಂದಿತ್ತು. ಮರುದಿನ ಫೋನಿನಲ್ಲಿ ಈ ಸಂಗತಿ ಹೇಳಿದಾಗ, ‘ಮಕ್ಕಳಿಗೆ ಅದರ ಬದಲು ಪಾಸ್ತಾ ಹಾಕಿ, ನನ್ನ ಮೊಮ್ಮಕ್ಕಳಿಗೂ ಹಾಗೆಯೇ ಮಾಡುತ್ತೇನೆ’ ಎಂದು ಅಜ್ಜಿ ತಿಳಿಸಿದರು.

ಅಂದಿನಿಂದ ಈ ಸೂಪು ನಮ್ಮ ಮನೆಯ ಚಳಿಗಾಲದ ಅಡುಗೆಯಾಗಿದೆ. ಆದರೆ ಅದರ ಹದ ಕೈಗೆ ಹತ್ತಲು ಎರಡು ಚಳಿಗಾಲಗಳೇ ಬೇಕಾದವು. ಕೆನೆ ಹೆಚ್ಚು ಸುರಿದಷ್ಟೂ ಸೂಪು ರುಚಿಯಾಗುತ್ತದೆ ಎಂಬುದು ನನ್ನ ಮೊದಲ ತಿಳಿವಳಿಕೆಯಾಗಿತ್ತು, ಮತ್ತು ಅದು ತಪ್ಪಾಗಿತ್ತು. ಈ ಸೂಪಿನ ಜೀವ ಇರುವುದು ಕೋಳಿಯ ಎಲುಬಿನಿಂದ ಇಳಿದ ರಸದಲ್ಲಿ. ಕೆನೆ ಕೊನೆಗೆ ಬಂದು ಅದನ್ನು ನುಣುಪು ಮಾಡುತ್ತದೆ, ಅಷ್ಟೇ.

ಆದ್ದರಿಂದ ಮಾತು ಕೋಳಿಯಿಂದಲೇ ಆರಂಭವಾಗಬೇಕು. ಎಲುಬಿಲ್ಲದ ಎದೆಯ ಭಾಗವನ್ನು ನಾನು ಇದಕ್ಕೆ ಬಳಸುವುದಿಲ್ಲ, ಏಕೆಂದರೆ ಸ್ವಲ್ಪ ಹೆಚ್ಚು ಬೆಂದರೂ ಅದು ನಾರುನಾರಾಗಿ ಒಣಗುತ್ತದೆ, ರಸವನ್ನಂತೂ ಕೊಡುವುದೇ ಇಲ್ಲ. ಆರು ಜನರಿಗೆ ಒಂದು ಕಿಲೋ ಆಗುವಷ್ಟು ಎಲುಬು, ಚರ್ಮ ಎರಡೂ ಇರುವ ತೊಡೆಯ ತುಂಡುಗಳನ್ನು ಎರಡು ಲೀಟರ್ ತಣ್ಣೀರಿನಲ್ಲಿಟ್ಟು, ಒಂದು ಚಮಚ ಉಪ್ಪು, ಎರಡು ಬೇ ಎಲೆ, ಹತ್ತು ಮೆಣಸಿನ ಕಾಳು ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸಬೇಕು. (ಇಲ್ಲಿಯ ಬೇ ಎಲೆಯೂ ನಮ್ಮ ಪಲಾವ್ ಎಲೆಯೂ ಒಂದೇ ಅಲ್ಲ. ಪಲಾವ್ ಎಲೆ ದಾಲ್ಚಿನ್ನಿಯ ಕುಲದ್ದು, ಹಾಕಿದರೆ ಸೂಪಿಗೆ ಬಿರಿಯಾನಿಯ ವಾಸನೆ ಬರುತ್ತದೆ. ಬೇ ಎಲೆ ಸಿಗದಿದ್ದರೆ ಬಿಟ್ಟುಬಿಡುವುದೇ ಲೇಸು.) ನೀರು ಕುದಿಗೆ ಬರುವಾಗ ಮೇಲೇಳುವ ಬೂದುಬಣ್ಣದ ನೊರೆಯನ್ನು ಸೌಟಿನಿಂದ ತೆಗೆದುಹಾಕಿ, ಉರಿಯನ್ನು ಸಣ್ಣಗೆ ಮಾಡಬೇಕು. ಪಾತ್ರೆಯ ಒಂದು ಬದಿಯಲ್ಲಿ ಆಗೊಮ್ಮೆ ಈಗೊಮ್ಮೆ ಗುಳ್ಳೆ ಏಳುವಷ್ಟು ಶಾಖ ಸಾಕು. ಕೊತಕೊತ ಕುದಿಸಿದರೆ ಕೊಬ್ಬು ರಸದೊಳಗೆ ಒಡೆದು ಬೆರೆತು, ರಸ ಕದಡಿ ಜಿಡ್ಡಾಗುತ್ತದೆ.

ಮುಕ್ಕಾಲು ಗಂಟೆಯ ನಂತರ ತುಂಡುಗಳನ್ನು ತೆಗೆದು, ಆರಿದ ಮೇಲೆ ಮಾಂಸವನ್ನು ಕೈಯಿಂದಲೇ ಬಿಡಿಸಿ ಮುಚ್ಚಿಡುತ್ತೇನೆ. ಎಲುಬು, ಚರ್ಮಗಳನ್ನು ಎಸೆಯದೆ ಮತ್ತೆ ಅದೇ ನೀರಿಗೆ ಹಾಕಿ ಇನ್ನೂ ಮುಕ್ಕಾಲು ಗಂಟೆ ಬಿಡುತ್ತೇನೆ. ಕೀಲುಗಳ ಸುತ್ತಲಿನ ಬಿಳಿಯ ಅಂಟು ಪದಾರ್ಥ ನಿಧಾನವಾಗಿ ಕರಗಿ ಜಿಲೆಟಿನ್ ಆಗುವುದು ಈ ಎರಡನೆಯ ಹೊತ್ತಿನಲ್ಲಿ. ಹೀಗೆ ತೆಗೆದ ರಸವನ್ನು ಸೋಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಅದು ಜೆಲ್ಲಿಯಂತೆ ಗಟ್ಟಿಯಾಗಿರುತ್ತದೆ, ಚಮಚ ತಾಗಿಸಿದರೆ ನಡುಗುತ್ತದೆ. ಮೇಲೆ ಹಳದಿ ಕೊಬ್ಬು ತುಪ್ಪದ ಹಾಗೆ ಪದರುಗಟ್ಟಿರುತ್ತದೆ. ಆ ನಡುಕವನ್ನು ಕಂಡರೆ ಸೂಪಿನ ಅರ್ಧ ಕೆಲಸ ಮುಗಿಯಿತೆಂದು ನಾನು ನಿಶ್ಚಿಂತಳಾಗುತ್ತೇನೆ. ಅಂಗಡಿಯ ಡಬ್ಬದ ರಸದಿಂದಲೂ ಸೂಪು ಆಗುತ್ತದೆ, ನಿಜ. ಆದರೆ ತುಟಿಗೆ ಮೆಲ್ಲಗೆ ಅಂಟುವ ಆ ದಪ್ಪ ಅದರಲ್ಲಿ ಬರುವುದಿಲ್ಲ, ಆ ಕೊರತೆಯನ್ನು ತುಂಬಲು ಕೆನೆಯನ್ನು ಸುರಿಯಬೇಕಾಗುತ್ತದೆ.

ತರಕಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ದೊಡ್ಡ ಈರುಳ್ಳಿ, ಎರಡು ಕ್ಯಾರೆಟ್, ಎರಡು ದಂಟು ಸೆಲರಿ, ನಾಲ್ಕು ಎಸಳು ಬೆಳ್ಳುಳ್ಳಿ ಇವಿಷ್ಟನ್ನು ಸಣ್ಣಗೆ ಹೆಚ್ಚಿ, 50 ಗ್ರಾಂ ಬೆಣ್ಣೆಯಲ್ಲಿ ಚಿಟಿಕೆ ಉಪ್ಪು ಹಾಕಿ, ಕೆಂಪಾಗಲು ಬಿಡದೆ ಹತ್ತು ನಿಮಿಷ ಬಾಡಿಸಿದರೆ ಸಾಕು.

ಮುಂದಿನ ಹಂತದಲ್ಲಿ ಅವಸರ ಕೂಡದು. ಬಾಡಿದ ತರಕಾರಿಯ ಮೇಲೆ 50 ಗ್ರಾಂ ಮೈದಾ ಉದುರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಎರಡು ಮೂರು ನಿಮಿಷ ಹುರಿಯಬೇಕು. ಹಿಟ್ಟಿನ ಹಸಿ ವಾಸನೆ ಹೋಗಿ, ಬಿಸ್ಕತ್ತು ಬೇಯುವಾಗ ಬರುವಂಥ ವಾಸನೆ ಬಂದರೆ ಸಾಕು, ಬಣ್ಣ ತಿರುಗಬಾರದು. ನನ್ನ ತಾಯಿ ರಾಗಿ ಅಂಬಲಿ ಮಾಡುವಾಗ ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಸುರಿಯುತ್ತಿರಲಿಲ್ಲ, ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುತ್ತಿದ್ದರು. ಒಣ ಹಿಟ್ಟು ಬಿಸಿನೀರಿಗೆ ಬಿದ್ದರೆ ಹೊರಗಿನ ಪದರ ಕೂಡಲೇ ಬೆಂದು ಅಂಟಾಗಿ, ಒಳಗಿನ ಹಿಟ್ಟು ಹಸಿಯಾಗಿಯೇ ಉಳಿದು ಗಂಟು ಕಟ್ಟುತ್ತದೆ. ಅಂಬಲಿಯಲ್ಲಿ ತಣ್ಣೀರು ಮಾಡುವ ಕೆಲಸವನ್ನು ಇಲ್ಲಿ ಬೆಣ್ಣೆ ಮಾಡುತ್ತದೆ: ಹಿಟ್ಟಿನ ಒಂದೊಂದು ಕಣಕ್ಕೂ ಜಿಡ್ಡು ಹತ್ತಿಕೊಂಡು ಅವು ಬೇರೆಬೇರೆಯಾಗಿ ಉಳಿಯುತ್ತವೆ. ಅನಂತರ ಒಂದೂವರೆ ಲೀಟರ್‌ನಷ್ಟು ರಸವನ್ನು ಸೌಟು ಸೌಟಾಗಿ, ಪ್ರತಿ ಸಲವೂ ಕಲಸಿ ನುಣುಪಾದ ಮೇಲೆಯೇ ಮುಂದಿನದನ್ನು ಹಾಕುತ್ತ ಹೋಗಬೇಕು. ಒಮ್ಮೆ ಕುದಿ ಬಂದ ಮೇಲಷ್ಟೇ ಹಿಟ್ಟು ತನ್ನ ಪೂರ್ಣ ದಪ್ಪವನ್ನು ಕೊಡುತ್ತದೆಯಾದ್ದರಿಂದ, ಅದಕ್ಕೂ ಮೊದಲು ತೆಳ್ಳಗಾಯಿತೆಂದು ಇನ್ನಷ್ಟು ಹಿಟ್ಟು ಹಾಕಬಾರದು. ಅರ್ಧ ಚಮಚ ಒಣಗಿದ ಥೈಮ್ ಎಂಬ ಸುವಾಸನೆಯ ಸೊಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಬಿಡಿಸಿಟ್ಟ ಕೋಳಿಯನ್ನು ಸೇರಿಸಬಹುದು.

ಕೆನೆಯ ವಿಷಯದಲ್ಲಿ ನಾನು ಒಂದು ಪಾತ್ರೆ ಸೂಪನ್ನೇ ಕೆಡಿಸಿದ್ದೇನೆ. ಮೊದಲ ವರ್ಷ ಕೆನೆ ಮುಗಿದಿತ್ತೆಂದು ಹಾಲನ್ನೇ ಸುರಿದು, ಅದರ ಮೇಲೆ ನಿಂಬೆರಸ ಹಿಂಡಿ, ಮತ್ತೊಂದು ಕುದಿ ಬರಿಸಿದೆ. ಎರಡೇ ನಿಮಿಷದಲ್ಲಿ ಹಾಲು ಒಡೆದು, ಸೂಪಿನ ತುಂಬ ಬಿಳಿಯ ಕಣಗಳು ತೇಲಿದವು. ಬಿಸಿ ಮತ್ತು ಹುಳಿ ಎರಡೂ ಕೂಡಿದಾಗ ಹಾಲಿನ ಪ್ರೋಟೀನು ಒಟ್ಟುಗೂಡಿಬಿಡುತ್ತದೆ. ಕೊಬ್ಬು ಹೆಚ್ಚಾಗಿ ಪ್ರೋಟೀನು ಕಡಿಮೆಯಿರುವ ಕೆನೆಗೆ ಆ ಭಯ ಕಡಿಮೆ. ಇಲ್ಲಿ ಹೆವಿ ಕ್ರೀಮ್ ಎಂದು ಮಾರುವುದರಲ್ಲಿ ಕನಿಷ್ಠ ಶೇ 36ರಷ್ಟು ಕೊಬ್ಬು ಇರಲೇಬೇಕು, ಅದು ಕುದಿಯನ್ನೂ ತಡೆದುಕೊಳ್ಳುತ್ತದೆ. ಊರಿನಲ್ಲಿ ಸಿಗುವ ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಶೇ 25ರಷ್ಟು ಇರುತ್ತದೆ. ಅದನ್ನು ಬಳಸುವವರು ಒಲೆ ಆರಿಸಿದ ಮೇಲೆ, ಒಂದು ಸೌಟು ಬಿಸಿ ಸೂಪನ್ನು ಮೊದಲು ಕೆನೆಗೆ ಬೆರೆಸಿ, ಅನಂತರ ಪಾತ್ರೆಗೆ ಸೇರಿಸುವುದು ಒಳ್ಳೆಯದು. ಈ ಅಳತೆಗೆ 200 ಮಿಲಿಲೀಟರ್ ಧಾರಾಳವಾಯಿತು.

ಈಚೆಗೆ ನಾನು 150ಕ್ಕೇ ನಿಲ್ಲಿಸುತ್ತಿದ್ದೇನೆ. ಅದಕ್ಕೆ ನನ್ನ ತಾಯಿ ಕಾರಣ. ಒಮ್ಮೆ ವಿಡಿಯೊ ಕರೆಯಲ್ಲಿ ಪಾತ್ರೆಯನ್ನು ತೋರಿಸಿದಾಗ ಅವರು, ‘ಹಾಲಿನ ಕೆನಿಯೊಳಗ ಕೋಳೀನ? ನೀರಾಗ ಕುದಿಸಿ ಒಂದೀಟು ಮೆಣಸು ಕುಟ್ಟಿ ಹಾಕಿದ್ರ ಸಾಲೂದಿಲ್ಲೇನವಾ?’ ಎಂದು ಕೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ಅಂದು ಕೆನೆಯನ್ನು ಕಡಿಮೆ ಮಾಡಿ, ಬಡಿಸುವ ಮುಂಚೆ ಒಂದು ಚಮಚ ಮೆಣಸನ್ನು ಆಗಲೇ ಕುಟ್ಟಿ ಹಾಕಿದೆ. ಕೋಳಿಯ ರುಚಿ ಎದ್ದು ಕಂಡಿತು, ಕಟ್ಟಿದ ಗಂಟಲಿಗೂ ಹಿತವಾಯಿತು. ನಿಂಬೆಯ ನಾಲ್ಕೇ ಹನಿಗಳನ್ನು ಈಗ ಬಟ್ಟಲಿಗೆ ಬಡಿಸಿದ ಮೇಲೆ ಹಿಂಡುತ್ತೇನೆ.

ಇನ್ನು ಪಾಸ್ತಾ. ಅದು ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯಿಂದ ಆಗುವಂಥದ್ದು, ನಾವು ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆಯೂ ಅದೇ ಗೋಧಿಯದು. ನಮ್ಮ ನೆರೆಯ ನಾರ್ತ್ ಡಕೋಟ ರಾಜ್ಯ ಡ್ಯೂರಂಗೆ ಹೆಸರಾದದ್ದು. ಅಂಗಡಿಯಲ್ಲಿ ಪಾಸ್ತಾದ ಆ ಗಾಜಿನಂಥ ನಸುಹಳದಿ ಬಣ್ಣವನ್ನು ಕಂಡಾಗಲೆಲ್ಲ, ಬೇಸಿಗೆಯಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಕೋಲುಗಳಿಗೆ ಇಳಿಬಿಟ್ಟು ಒಣಗಿಸುತ್ತಿದ್ದ ಶಾವಿಗೆಯ ಎಳೆಗಳು ನೆನಪಾಗುತ್ತವೆ. ಸೂಪಿಗೆ ಚಮಚದೊಳಗೆ ಕೂಡುವಂಥ ಸಣ್ಣ ಆಕಾರವೇ ಬೇಕು. ಚಿಕ್ಕ ಕೊಳವೆಯ ತುಂಡುಗಳಂತಿರುವ ಡಿಟಲಿನಿ, ಇಲ್ಲವೇ ಕಿರುಚಿಪ್ಪಿನಾಕಾರದ್ದು. ಚಿಪ್ಪಿನೊಳಗೆ ಸೂಪು ತುಂಬಿಕೊಳ್ಳುವುದರಿಂದ ನನ್ನ ಮಗಳಿಗೆ ಅದೇ ಆಗಬೇಕು.

ಪಾಸ್ತಾವನ್ನು ಸೂಪಿನಲ್ಲಿಯೇ ಬೇಯಿಸಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಬೆಂದ ಪಾಸ್ತಾ ಒಲೆ ಆರಿದ ಮೇಲೂ ರಸವನ್ನು ಹೀರುತ್ತಲೇ ಇರುತ್ತದೆ. ಒಮ್ಮೆ ಹಾಗೆ ಮಾಡಿ ಉಳಿದ ಸೂಪನ್ನು ರಾತ್ರಿ ಎತ್ತಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಒಂದು ಹನಿ ರಸವಿಲ್ಲ, ಚಿಪ್ಪುಗಳೆಲ್ಲ ಬೆರಳಿನ ಗಾತ್ರಕ್ಕೆ ಊದಿ, ಮುಟ್ಟಿದರೆ ಪಿಸುಕಿ ಹೋಗುತ್ತಿದ್ದವು. ಎರಡು ಗಂಟೆಗಳ ಕಾಲ ಇಳಿಸಿದ ರಸ ಹಿಟ್ಟಿನ ಪಾಲಾಗಿತ್ತು. ಈಗ 200 ಗ್ರಾಂ ಪಾಸ್ತಾವನ್ನು ಬೇರೆ ಪಾತ್ರೆಯಲ್ಲಿ, ಉಪ್ಪು ಹಾಕಿದ ನೀರಿನಲ್ಲಿ, ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಒಂದು ನಿಮಿಷ ಮೊದಲೇ ಬಸಿದು, ಒಂದು ಚಮಚ ಎಣ್ಣೆ ಸವರಿ ಇಡುತ್ತೇನೆ. ಬಡಿಸುವಾಗ ಬಟ್ಟಲಿಗೆ ಮೊದಲು ಪಾಸ್ತಾ, ಅದರ ಮೇಲೆ ಕುದಿ ಬಿಸಿಯ ಸೂಪು.

ಉಳಿದುದನ್ನು ಎರಡು ಗಂಟೆಗಳ ಒಳಗೆ ಫ್ರಿಜ್ಜಿಗೆ ಸೇರಿಸಿಬಿಡಬೇಕು. ಇಲ್ಲಿ ಚಳಿಯೇ ನೆರವಾಗುತ್ತದೆ: ಹಿತ್ತಲ ಬಾಗಿಲಿನ ಹೊರಗೆ ಪಾತ್ರೆಯನ್ನು ಹಿಮದ ಮೇಲಿಟ್ಟು ನಡುನಡುವೆ ಕಲಕಿದರೆ ಬೇಗನೆ ತಣಿಯುತ್ತದೆ. ಮರುದಿನ ಸಣ್ಣ ಉರಿಯಲ್ಲಿ, ಅರ್ಧ ಬಟ್ಟಲು ರಸ ಬೆರೆಸಿ ಬಿಸಿ ಮಾಡಬೇಕು.

ಆ ಅಜ್ಜಿಯ ಗಾಜಿನ ಭರಣಿ ಬಹಳ ದಿನ ನಮ್ಮ ಮನೆಯಲ್ಲಿಯೇ ಉಳಿದಿತ್ತು. ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದು ನಮ್ಮಲ್ಲಿ ರೂಢಿಯಲ್ಲ. ನನ್ನ ಕೈಗೆ ಸೂಪಿನ ಹದ ಹತ್ತುವವರೆಗೂ ಕಾದೆ. ಮುಂದಿನ ಚಳಿಗಾಲದ ಒಂದು ಸಂಜೆ, ಅವರು ತಂದಿದ್ದಂತೆಯೇ ಎರಡು ಟವೆಲ್ ಸುತ್ತಿ, ಭರಣಿ ತುಂಬ ಸೂಪನ್ನೂ ಸಣ್ಣ ಡಬ್ಬದಲ್ಲಿ ಬಸಿದ ಪಾಸ್ತಾವನ್ನೂ ಬೇರೆಬೇರೆಯಾಗಿ ಒಯ್ದುಕೊಟ್ಟೆ. ಅವರು ಬಾಗಿಲಲ್ಲಿಯೇ ಮುಚ್ಚಳ ತೆರೆದು ಮೂಸಿ ನೋಡಿ, ‘ಮೆಣಸು ಹೆಚ್ಚು ಹಾಕಿದ್ದೀರಿ’ ಎಂದರು. ಮರುದಿನ ಫೋನು ಮಾಡಿ ಎಷ್ಟು ಮೆಣಸೆಂದು ವಿಚಾರಿಸಿದರು.