ಸ್ಪೈಡರ್‌ಮ್ಯಾನ್ ಡಿಸ್ನಿಯವನಾದರೆ ಡಿಸ್ನಿ ವರ್ಲ್ಡ್‌ನಲ್ಲಿ ಯಾಕಿಲ್ಲ?

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೊರಟು, ಮೊಮ್ಮಕ್ಕಳಿಗೆ ಆರ್ಲ್ಯಾಂಡೊ ತೋರಿಸಬೇಕೆಂದುಕೊಂಡ ಹಿರಿಯರಿಂದ ಹಿಡಿದು ಅಲ್ಲೇ ನೆಲೆಸಿರುವ ಗೆಳೆಯರವರೆಗೆ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ: "ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ ಮಾರ್ವೆಲ್ ಕಂಪನಿಯನ್ನು ಡಿಸ್ನಿ ಕೊಂಡು ಎಷ್ಟೋ ವರ್ಷವಾಯಿತಲ್ಲ? ಮತ್ತೆ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಸ್ಪೈಡರ್‌ಮ್ಯಾನ್ ಇಲ್ಲ, ಎದುರಾಳಿ ಯೂನಿವರ್ಸಲ್ ಪಾರ್ಕಿನಲ್ಲಿ ಇದ್ದಾನೆ. ಇದೇನು ಲೆಕ್ಕ?"

ಲೆಕ್ಕ ಸರಿಯಾಗಿಯೇ ಇದೆ. ಡಿಸ್ನಿ 2009ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಮಾರ್ವೆಲ್ ಅನ್ನು ಕೊಂಡಿತು. ಅದಕ್ಕೂ ಹದಿನೈದು ವರ್ಷ ಮೊದಲೇ, 1994ರ ಮಾರ್ಚ್‌ನಲ್ಲಿ, ಮಾರ್ವೆಲ್ ತನ್ನ ಪಾತ್ರಗಳನ್ನು ಥೀಮ್ ಪಾರ್ಕಿನಲ್ಲಿ ಬಳಸುವ ಹಕ್ಕನ್ನು ಯೂನಿವರ್ಸಲ್‌ನ ಅಂದಿನ ಒಡೆಯ ಕಂಪನಿ ಎಂಸಿಎಗೆ ಬರೆದುಕೊಟ್ಟಿತ್ತು. ಭೋಗ್ಯಕ್ಕೆ ಕೊಟ್ಟ ಮನೆಯನ್ನು ಕ್ರಯಕ್ಕೆ ತೆಗೆದುಕೊಂಡವರು ಭೋಗ್ಯದವರನ್ನು ಮರುದಿನವೇ ಎಬ್ಬಿಸಲಾಗದು. ಪತ್ರ ಹೇಗಿದೆಯೋ ಹಾಗೆ ನಡೆಯಬೇಕು. ಡಿಸ್ನಿಗೂ ಇದು ಗೊತ್ತಿತ್ತು. ಒಪ್ಪಂದದ ಪ್ರತಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಣ ಸಂಸ್ಥೆಯ ಕಡತದಲ್ಲಿದೆ, ಬೇಕಾದವರು ಓದಬಹುದು.

ಆಗಿನ ಮಾರ್ವೆಲ್ ಈಗಿನ ಮಾರ್ವೆಲ್ ಅಲ್ಲ ಎಂಬುದನ್ನು ಮೊದಲು ನೆನಪಿಟ್ಟುಕೊಳ್ಳಬೇಕು. 1994ರಲ್ಲಿ ಅದರ ಹೆಸರಿನಲ್ಲಿ ಹೇಳಿಕೊಳ್ಳುವಂಥ ಒಂದು ಗೆದ್ದ ಸಿನಿಮಾ ಇರಲಿಲ್ಲ. ಕಾಮಿಕ್ಸ್ ಮಾರುಕಟ್ಟೆ ಕುಸಿಯತೊಡಗಿತ್ತು, ಮೈತುಂಬ ಸಾಲವಿತ್ತು. 1996ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿಯನ್ನೇ ಹಾಕಿತು. ಅಂಥ ಹೊತ್ತಿನಲ್ಲಿ ಒಬ್ಬರು ಬಂದು, ನಿಮ್ಮ ಪಾತ್ರಗಳಿಗಾಗಿ ಒಂದಿಡೀ ದ್ವೀಪ ಕಟ್ಟುತ್ತೇವೆ, ವರ್ಷ ವರ್ಷ ಹಣ ಕೊಡುತ್ತೇವೆ ಎಂದರೆ ಯಾರು ಬೇಡ ಎನ್ನುತ್ತಾರೆ? ಯೂನಿವರ್ಸಲ್ ಮಾತಿನಂತೆ ಕಟ್ಟಿತು. 1999ರ ಮೇ 28ರಂದು ಆರ್ಲ್ಯಾಂಡೊದಲ್ಲಿ 'ಐಲ್ಯಾಂಡ್ಸ್ ಆಫ್ ಅಡ್ವೆಂಚರ್' ತೆರೆಯಿತು. ಅದರ ಒಂದು ಭಾಗವೇ 'ಮಾರ್ವೆಲ್ ಸೂಪರ್ ಹೀರೋ ಐಲ್ಯಾಂಡ್'. ಸ್ಪೈಡರ್‌ಮ್ಯಾನ್ ಸಿನಿಮಾ ತೆರೆಗೆ ಬಂದದ್ದು 2002ರಲ್ಲಿ. ಅಂದರೆ ಜಗತ್ತು ಮಾರ್ವೆಲ್ ಹಿಂದೆ ಬೀಳುವ ಮುನ್ನವೇ ಯೂನಿವರ್ಸಲ್ ಅದರ ಮೇಲೆ ದುಡ್ಡು ಸುರಿದಿತ್ತು. ಹಾಗಾಗಿ 'ಡಿಸ್ನಿಯ ಪಾತ್ರವನ್ನು ಯೂನಿವರ್ಸಲ್ ಹಿಡಿದಿಟ್ಟುಕೊಂಡಿದೆ' ಎಂದು ಯಾರಾದರೂ ದೂರಿದರೆ ನಾನು ಒಪ್ಪುವುದಿಲ್ಲ. ಕಷ್ಟಕಾಲದಲ್ಲಿ ನಂಬಿದವರಿಗೆ ಸಲ್ಲಬೇಕಾದದ್ದು ಸಂದಿದೆ.

ಒಪ್ಪಂದದ ಒಳಗಿನ ಕಟ್ಟಳೆಗಳೇ ಇಡೀ ವಿಷಯದ ಜೀವಾಳ. ಅಮೆರಿಕವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿ ಹರಿಯುವ ಮಿಸಿಸಿಪ್ಪಿ ನದಿಯೇ ಇಲ್ಲಿ ಗಡಿ. ನದಿಯ ಪೂರ್ವಕ್ಕೆ, ಅಂದರೆ ಫ್ಲೋರಿಡಾ ಇರುವ ಕಡೆ, ಯೂನಿವರ್ಸಲ್ ಬಳಸುತ್ತಿರುವ ಯಾವ ಪಾತ್ರವನ್ನೂ ಬೇರೆ ಥೀಮ್ ಪಾರ್ಕಿಗೆ ಕೊಡುವಂತಿಲ್ಲ. 'ಬಳಸುತ್ತಿರುವುದು' ಎಂದರೆ ಏನೆಂದೂ ಬಿಡಿಸಿ ಬರೆದಿದ್ದಾರೆ: ಒಂದು ಸವಾರಿಯಲ್ಲಿ ಆ ಪಾತ್ರಕ್ಕೆ ಗಣನೀಯ ಜಾಗವಿರಬೇಕು, ಇಲ್ಲವೇ ವೇಷ ತೊಟ್ಟು ಪಾರ್ಕಿನಲ್ಲಿ ಓಡಾಡಬೇಕು, ಇಲ್ಲವೇ ಒಂದು ಅಂಗಡಿಯನ್ನೋ ಹೋಟೆಲನ್ನೋ ಅದರ ಹೆಸರಿನಲ್ಲಿ ಸಿಂಗರಿಸಿರಬೇಕು. ಅಷ್ಟೇ ಅಲ್ಲ, ಒಂದು ಪಾತ್ರ ಬಳಕೆಯಲ್ಲಿದ್ದರೆ ಅದರ ಇಡೀ 'ಬಳಗ'ವೂ ಬಳಕೆಯಲ್ಲಿದ್ದಂತೆ. ಅವೆಂಜರ್ಸ್ ತಂಡದ ಒಬ್ಬನಿದ್ದರೆ ಆ ತಂಡದವರೆಲ್ಲ, ನಾಯಕನೊಬ್ಬನಿದ್ದರೆ ಅವನ ಖಳರೂ ಕಟ್ಟಿನೊಳಗೆ. ದ್ವೀಪದಲ್ಲಿ ಹಲ್ಕ್ ರೋಲರ್ ಕೋಸ್ಟರ್ ಇದೆ, ಕ್ಯಾಪ್ಟನ್ ಅಮೆರಿಕ ಹೆಸರಿನ ಹೋಟೆಲಿದೆ; ಇವರದೇ ಅವೆಂಜರ್ಸ್ ತಂಡದ ಐರನ್‌ಮ್ಯಾನ್‌ಗೆ ಸ್ವಂತ ಸವಾರಿ ಇಲ್ಲದಿದ್ದರೂ ಅವನು ಡಿಸ್ನಿ ವರ್ಲ್ಡ್‌ಗೆ ಬರಲಾರ. ಈ ಒಂದು ಕಲಮು ಬರೆದ ವಕೀಲರು ಯಾರೋ, ಅವರ ದೂರದೃಷ್ಟಿ ದೊಡ್ಡದು.

ನದಿಯ ಪಶ್ಚಿಮಕ್ಕೆ ಕಟ್ಟು ಸಡಿಲ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿ ಪಾರ್ಕಿನಲ್ಲಿ ಪಾತ್ರಗಳನ್ನು ಬಳಸಬಹುದು, ಆದರೆ ಆಕರ್ಷಣೆಯ ಹೆಸರಿನಲ್ಲಿ 'ಮಾರ್ವೆಲ್' ಎಂಬ ಪದ ಬರಕೂಡದು. 2021ರ ಜೂನ್‌ನಲ್ಲಿ ಅಲ್ಲಿ ತೆರೆದ ಜಾಗಕ್ಕೆ 'ಅವೆಂಜರ್ಸ್ ಕ್ಯಾಂಪಸ್' ಎಂದಷ್ಟೇ ಹೆಸರಿಟ್ಟಿರುವುದನ್ನು ಗಮನಿಸಿ. ಅದೇ ಡಿಸ್ನಿ, ಅದೇ ತಿಂಗಳು, ಪ್ಯಾರಿಸ್‌ನ ತನ್ನ ಹೋಟೆಲಿನ ಹೆಸರಿಗೆ 'ದಿ ಆರ್ಟ್ ಆಫ್ ಮಾರ್ವೆಲ್' ಎಂದು ಸೇರಿಸಿತು. ಫ್ರಾನ್ಸ್‌ಗೆ ಮಿಸಿಸಿಪ್ಪಿಯ ಗಡಿ ಅನ್ವಯಿಸುವುದಿಲ್ಲವಲ್ಲ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನಲ್ಲಿ ಐರನ್‌ಮ್ಯಾನ್ ಸವಾರಿ 2017ರಿಂದಲೇ ಇದೆ.

"ಹಾಗಾದರೆ ಡಿಸ್ನಿ ವರ್ಲ್ಡ್‌ನ ಎಪ್ಕಾಟ್ ಪಾರ್ಕಿನಲ್ಲಿ ಮಾರ್ವೆಲ್‌ನದೇ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ರೋಲರ್ ಕೋಸ್ಟರ್ ಇದೆಯಲ್ಲ, ಅದು ಹೇಗೆ?" ಎಂದು ಮರುಪ್ರಶ್ನೆ ಬಂದೇ ಬರುತ್ತದೆ. ಉತ್ತರ ಆ 'ಬಳಕೆ'ಯ ಕಲಮಿನಲ್ಲೇ ಇದೆ. ಯೂನಿವರ್ಸಲ್ ದ್ವೀಪ ಕಟ್ಟಿದ್ದು 1999ರಲ್ಲಿ. ನಮಗೆಲ್ಲ ಗೊತ್ತಿರುವ ಗಾರ್ಡಿಯನ್ಸ್ ತಂಡ ಕಾಮಿಕ್ಸ್‌ನಲ್ಲಿ ಕೂಡಿಬಂದದ್ದೇ 2008ರಲ್ಲಿ, ಸಿನಿಮಾ ಆದದ್ದು 2014ರಲ್ಲಿ. ಯೂನಿವರ್ಸಲ್ ಮುಟ್ಟದ ತಂಡವಾದ್ದರಿಂದ ಡಿಸ್ನಿಗೆ ಅದು ಮುಕ್ತ. 2022ರ ಮೇ 27ರಂದು 'ಕಾಸ್ಮಿಕ್ ರಿವೈಂಡ್' ತೆರೆಯಿತು. ಹಿಮ್ಮುಖವಾಗಿ ಚಿಮ್ಮಿ ಹೊರಡುವ, ಓಡುತ್ತಲೇ ಬಂಡಿಗಳು ತಿರುಗುವ, ಆರು ಹಳೆಯ ಹಾಡುಗಳಲ್ಲಿ ಯಾವುದಾದರೂ ಒಂದನ್ನು ಕೇಳಿಸುತ್ತಾ ಸಾಗುವ ಸವಾರಿ ಅದು. ಹೆಸರಿನಲ್ಲಿ 'ಮಾರ್ವೆಲ್' ಇಲ್ಲ. ನನ್ನ ಮಟ್ಟಿಗೆ ಡಿಸ್ನಿ ಇತ್ತೀಚೆಗೆ ಕಟ್ಟಿದ ಅತ್ಯುತ್ತಮ ಸವಾರಿಗಳಲ್ಲಿ ಇದೂ ಒಂದು. ಅವೆಂಜರ್ಸ್ ಕೈಗೆ ಸಿಕ್ಕಿದ್ದರೆ ಗಾರ್ಡಿಯನ್ಸ್‌ಗೆ ಇಷ್ಟು ದೊಡ್ಡ ಅವಕಾಶ ಸಿಗುತ್ತಿತ್ತೇ? ಅನುಮಾನ.

ಇನ್ನೊಂದು ದಾರಿಯೂ ಇದೆ: ಸಮುದ್ರ. ಆರ್ಲ್ಯಾಂಡೊದಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಪೋರ್ಟ್ ಕೆನವೆರಲ್ ಬಂದರು. ಅಲ್ಲಿಂದ 2022ರಲ್ಲಿ ಓಡಾಟ ಶುರುಮಾಡಿದ 'ಡಿಸ್ನಿ ವಿಶ್' ಹಡಗಿನಲ್ಲಿ 'ವರ್ಲ್ಡ್ಸ್ ಆಫ್ ಮಾರ್ವೆಲ್' ಎಂಬ ಊಟದ ಮನೆಯೇ ಇದೆ, ಹೆಸರಿನ ಸಮೇತ. ಹಡಗು ಥೀಮ್ ಪಾರ್ಕ್ ಅಲ್ಲ.

ಈಗ ಆ ದ್ವೀಪದ ಸ್ಪೈಡರ್‌ಮ್ಯಾನ್ ಸವಾರಿಯ ಬಗ್ಗೆ ಸ್ವಲ್ಪ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸಾಲು ಹೋಗುವುದು 'ಡೈಲಿ ಬ್ಯೂಗಲ್' ಪತ್ರಿಕೆಯ ಕಚೇರಿಯೊಳಗಿಂದ. ವರದಿಗಾರರೆಲ್ಲ ಓಡಿಹೋಗಿದ್ದಾರೆ, ಆದ್ದರಿಂದ ನೀವೇ ಹೋಗಿ ಸುದ್ದಿ ತನ್ನಿ ಎಂದು ಸಂಪಾದಕ ಜೇಮ್ಸನ್ ಗದರುತ್ತಾನೆ. ತ್ರೀಡಿ ಕನ್ನಡಕ ಹಾಕಿಕೊಂಡು ಬಂಡಿ ಹತ್ತಿದರೆ, ಒಂದು ಕಡೆ ನಿಜವಾಗಿ ಕಟ್ಟಿದ ಬೀದಿ, ಮತ್ತೊಂದು ಕಡೆ ಪರದೆ. ಎರಡರ ಗೆರೆ ಎಲ್ಲಿ ಕೂಡುತ್ತದೆ ಎಂಬುದೇ ಕಣ್ಣಿಗೆ ಸಿಗುವುದಿಲ್ಲ. ಬಂಡಿ ಮುಂದೆ ಸರಿಯುತ್ತಿರುವಾಗ ಪರದೆಯ ಚಿತ್ರವೂ ನಮ್ಮ ದೃಷ್ಟಿಕೋನಕ್ಕೆ ತಕ್ಕಂತೆ ಓರೆಯಾಗುತ್ತಾ ಹೋಗುವ ಹಾಗೆ ಲೆಕ್ಕ ಹಾಕಿ ಮಾಡಿದ್ದಾರೆ. ಸ್ಪೈಡರ್‌ಮ್ಯಾನ್ ಬಂಡಿಯ ಮೂತಿಯ ಮೇಲೆ ಹಾರಿ ಕುಳಿತಾಗ ಬಂಡಿ ಧಡ್ಡನೆ ಕುಗ್ಗುತ್ತದೆ. ಖಳ ಹಾಬ್‌ಗಾಬ್ಲಿನ್ ಎಸೆದ ಬೆಂಕಿಯ ಬಿಸಿ ಮುಖಕ್ಕೆ ಬಡಿಯುತ್ತದೆ, ಇನ್ನೊಬ್ಬ ಖಳ ಹೈಡ್ರೋಮ್ಯಾನ್‌ನ ನೀರು ಸಿಡಿಯುತ್ತದೆ. ಕೊನೆಯಲ್ಲಿ ಗಗನಚುಂಬಿಗಳ ನಡುವಿನಿಂದ ನಾವು ಕೆಳಕ್ಕೆ ಬೀಳುತ್ತೇವೆ, ಬಂಡಿ ಮಾತ್ರ ಅಷ್ಟು ಎತ್ತರಕ್ಕೆ ಏರಿರುವುದೇ ಇಲ್ಲ! 2012ರಲ್ಲಿ ಚಿತ್ರಗಳನ್ನು ಹೊಸದಾಗಿ ಮಾಡಿ ಕೂರಿಸಿದರು. ಮೂಲ ವಿನ್ಯಾಸ ಮಾತ್ರ 1999ರದ್ದೇ, ಇಂದಿಗೂ ಅದನ್ನು ಮೀರಿಸಿದ ಸವಾರಿ ಕಡಿಮೆ. ಸುತ್ತಲಿನ ಗೋಡೆಗಳ ಮೇಲಿರುವುದೂ ಸಿನಿಮಾ ನಟರ ಮುಖಗಳಲ್ಲ, ಕಾಮಿಕ್ಸ್ ಪುಟದಿಂದ ಎದ್ದು ಬಂದ ದಪ್ಪ ಗೆರೆಯ ಚಿತ್ರಗಳು. ಇದನ್ನು ಕೆಡವಿ ಸಿನಿಮಾ ಸೆಟ್ ಹಾಕಬೇಕೆಂದು ಬಯಸುವವರ ಜೊತೆ ನಾನಿಲ್ಲ.

ಸಿನಿಮಾದ ಹಕ್ಕು ಬೇರೆ, ಪಾರ್ಕಿನ ಹಕ್ಕು ಬೇರೆ ಎಂಬುದು ಹಲವರಿಗೆ ತಲೆಗೆ ಹತ್ತುವುದಿಲ್ಲ. ಸ್ಪೈಡರ್‌ಮ್ಯಾನ್ ಪಾತ್ರ ಮಾರ್ವೆಲ್‌ನದು, ಅವನ ಸಿನಿಮಾ ಹಕ್ಕು ಸೋನಿಯದು, ಆರ್ಲ್ಯಾಂಡೊದ ಸವಾರಿ ಯೂನಿವರ್ಸಲ್‌ನದು. ಒಬ್ಬನೇ ಹುಡುಗ, ಮೂರು ಪತ್ರ. ಎಕ್ಸ್‌ಮೆನ್ ಸಿನಿಮಾ ಹಕ್ಕು ಫಾಕ್ಸ್ ಬಳಿ ಇತ್ತು. 2019ರಲ್ಲಿ ಡಿಸ್ನಿ ಫಾಕ್ಸ್ ಅನ್ನು ಕೊಂಡಾಗ ಸಿನಿಮಾ ಹಕ್ಕು ಮರಳಿತು. ಆದರೆ ಯೂನಿವರ್ಸಲ್ ದ್ವೀಪದಲ್ಲಿ ಎಕ್ಸ್‌ಮೆನ್ ತಂಡದ ಸ್ಟಾರ್ಮ್ ಹೆಸರಿನ ಸವಾರಿ ಅಲ್ಲಾಡಲಿಲ್ಲ. ಅದರ ಪತ್ರ ಬೇರೆಯೇ.

ದುಬೈನಲ್ಲಿರುವ ಕನ್ನಡಿಗ ಗೆಳೆಯರ ಪ್ರಶ್ನೆ ಇನ್ನೊಂದು ಬಗೆ: "ನಮ್ಮಲ್ಲಿ ಡಿಸ್ನಿ ಪಾರ್ಕೂ ಇಲ್ಲ, ಯೂನಿವರ್ಸಲ್ಲೂ ಇಲ್ಲ. ಆದರೂ ಹಲ್ಕ್, ಥಾರ್, ಸ್ಪೈಡರ್‌ಮ್ಯಾನ್ ಮೂವರೂ ಇದ್ದಾರಲ್ಲ?" 2016ರಲ್ಲಿ ತೆರೆದ 'ಐಎಂಜಿ ವರ್ಲ್ಡ್ಸ್ ಆಫ್ ಅಡ್ವೆಂಚರ್' ಒಳಾಂಗಣ ಪಾರ್ಕಿನ ಮಾರ್ವೆಲ್ ವಿಭಾಗದ ಮಾತು ಇದು. ಆ ಪಾರ್ಕ್ ಪರವಾನಗಿ ಪಡೆದು ಕಟ್ಟಿದೆ, ಅಷ್ಟೇ. ಜಪಾನಿನ ಕಥೆ ಮಾತ್ರ ಬೇಸರದ್ದು. ಒಸಾಕಾದ ಯೂನಿವರ್ಸಲ್‌ನಲ್ಲಿ 2004ರಿಂದ ಓಡುತ್ತಿದ್ದ ಇದೇ ಸ್ಪೈಡರ್‌ಮ್ಯಾನ್ ಸವಾರಿ 2024ರ ಜನವರಿಯಲ್ಲಿ ಮುಚ್ಚಿತು.

ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ವಿಷಯದಲ್ಲಿ ಇಷ್ಟು ಗೋಜಲಿಲ್ಲ. ಡಿಸಿ ಕಾಮಿಕ್ಸ್ ವಾರ್ನರ್ ಬ್ರದರ್ಸ್‌ಗೆ ಸೇರಿದ್ದು, ಅಮೆರಿಕದಲ್ಲಿ ಪಾರ್ಕಿನ ಪರವಾನಗಿ ಸಿಕ್ಸ್ ಫ್ಲ್ಯಾಗ್ಸ್ ಕೈಯಲ್ಲಿದೆ. ಶಿಕಾಗೊ ಬಳಿಯ ಅವರ ಪಾರ್ಕಿನಲ್ಲಿ ಬ್ಯಾಟ್‌ಮ್ಯಾನ್ ರೋಲರ್ ಕೋಸ್ಟರ್ 1992ರಿಂದ ಓಡುತ್ತಿದೆ.

ಕೊನೆಗೆ ಎಲ್ಲರೂ ಕೇಳುವುದು: ಡಿಸ್ನಿ ಹಣ ಕೊಟ್ಟು ಬಿಡಿಸಿಕೊಳ್ಳಬಾರದೇ? ಒಪ್ಪಂದಕ್ಕೆ ಆರ್ಲ್ಯಾಂಡೊದಲ್ಲಿ ಮುಗಿಯುವ ದಿನಾಂಕವಿಲ್ಲ. ಯೂನಿವರ್ಸಲ್ ಆ ದ್ವೀಪವನ್ನು ನಿಯಮದಂತೆ ನಡೆಸಿಕೊಂಡು ಹೋಗುವವರೆಗೆ ಹಕ್ಕು ಅದರದ್ದೇ. ಜನ ತುಂಬಿ ತುಳುಕುವ ಸವಾರಿಗಳನ್ನು ಯಾರು ಬಿಟ್ಟುಕೊಡುತ್ತಾರೆ? ಆದರೂ ಈ ಎರಡು ಮನೆತನಗಳ ನಡುವೆ ಕೊಡುಕೊಳ್ಳುವಿಕೆ ನಡೆದೇ ಇಲ್ಲ ಎನ್ನುವಂತಿಲ್ಲ. ಮಿಕ್ಕಿ ಮೌಸ್‌ಗಿಂತ ಮೊದಲು ವಾಲ್ಟ್ ಡಿಸ್ನಿ ಯೂನಿವರ್ಸಲ್‌ಗಾಗಿ ಓಸ್ವಾಲ್ಡ್ ಎಂಬ ಮೊಲದ ಕಾರ್ಟೂನು ಮಾಡುತ್ತಿದ್ದರು. 1928ರಲ್ಲಿ ಆ ಮೊಲ ಅವರ ಕೈತಪ್ಪಿತು. 2006ರಲ್ಲಿ ಡಿಸ್ನಿ ತನ್ನ ಟಿವಿ ಬಳಗದ ಕ್ರೀಡಾ ವೀಕ್ಷಕ ವಿವರಣೆಗಾರ ಆಲ್ ಮೈಕಲ್ಸ್ ಅವರನ್ನು ಯೂನಿವರ್ಸಲ್‌ನ ಸೋದರ ಟಿವಿ ವಾಹಿನಿ ಎನ್‌ಬಿಸಿಗೆ ಬಿಟ್ಟುಕೊಟ್ಟಾಗ, ಅದಕ್ಕೆ ಪ್ರತಿಯಾಗಿ ಬಂದವುಗಳಲ್ಲಿ ಓಸ್ವಾಲ್ಡ್‌ನೂ ಒಬ್ಬ. ಆದರೆ ಆ ಮೊಲದಿಂದ ಯೂನಿವರ್ಸಲ್‌ಗೆ ಆಗ ಹೇಳಿಕೊಳ್ಳುವಂಥ ಆದಾಯವೇನೂ ಇರಲಿಲ್ಲ. ಸ್ಪೈಡರ್‌ಮ್ಯಾನ್ ವಿಷಯ ಹಾಗಲ್ಲ. ಸದ್ಯಕ್ಕೆ ಬದಲಾವಣೆ ಆಗುತ್ತದೆಂದು ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಆರ್ಲ್ಯಾಂಡೊಗೆ ಹೊರಟವರು ಟಿಕೆಟ್ ತೆಗೆಯುವ ಮುನ್ನ ಮಕ್ಕಳನ್ನು ಒಂದು ಮಾತು ಕೇಳಿ. ಸ್ಪೈಡರ್‌ಮ್ಯಾನ್ ಅಥವಾ ಹಲ್ಕ್ ಬೇಕೆಂದರೆ ಯೂನಿವರ್ಸಲ್‌ನ ಐಲ್ಯಾಂಡ್ಸ್ ಆಫ್ ಅಡ್ವೆಂಚರ್, ಗಾರ್ಡಿಯನ್ಸ್ ತಂಡದ ಗ್ರೂಟ್ ಮತ್ತು ರಾಕೆಟ್ ಬೇಕೆಂದರೆ ಡಿಸ್ನಿಯ ಎಪ್ಕಾಟ್. ಎರಡೂ ಬೇಕೆಂದರೆ ಟಿಕೆಟ್ ಎರಡು, ದಿನವೂ ಎರಡು.