ಮಾಕ್ ಮುಗಿದ ಮೇಲೆ ಉತ್ತರ ತಾಳೆ ನೋಡುವ ಚಟ

ಪರೀಕ್ಷೆ ಮುಗೀತು ಅಂದರೆ ಉತ್ತರ ತಾಳೆ ನೋಡುವುದು ಶುರು. ಎಸ್ಸೆಸ್ಸೆಲ್ಸಿಯಿಂದ ಅಂಟಿಕೊಂಡ ಅಭ್ಯಾಸ. ಅಲ್ಲಾದರೆ ಪ್ರಶ್ನೆಪತ್ರಿಕೆ ಕೈಯಲ್ಲಿರುತ್ತದೆ, ಎರಡು ದಿನಕ್ಕೆ ಕೀ ಆನ್ಸರ್ ಬರುತ್ತದೆ. ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಎರಡೂ ಇಲ್ಲ. ಓದಲು ಕೊಟ್ಟ ಪ್ಯಾಸೇಜ್ ಮತ್ತೆ ಕಣ್ಣಿಗೆ ಬೀಳುವುದಿಲ್ಲ, ಕೀ ಯಾರೂ ಹೊರಗೆ ಬಿಡುವುದಿಲ್ಲ. ನೆನಪಿನಲ್ಲಿ ಉಳಿದಿದ್ದನ್ನೇ ಹಿಡಿದು ಜಗಳ ಆಡಬೇಕು. ಜಯನಗರದ ಕಡೆ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ರೀಡಿಂಗ್ ಕಲಿಸುತ್ತೇನೆ. ಈ ಚಟದಿಂದ ಎಷ್ಟು ಹಾಳಾಗುತ್ತದೆ ಅಂತ ಒಂದು ಫುಲ್ ಮಾಕ್ (ಅಣಕು ಪರೀಕ್ಷೆ) ದಿನ ಕಣ್ಣಾರೆ ಕಂಡೆ. ಆ ಸಂಕಟ ಇನ್ನೂ ಹೋಗಿಲ್ಲ.

ಬೆಳಿಗ್ಗೆ ಲಿಸನಿಂಗ್, ರೀಡಿಂಗ್, ರೈಟಿಂಗ್, ಒಂದರ ಹಿಂದೆ ಒಂದು. ಊಟ ಆದ ಮೇಲೆ ಸ್ಪೀಕಿಂಗ್ ಸ್ಲಾಟ್. ಆ ಬ್ಯಾಚಿನಲ್ಲಿ ಜಾಸ್ತಿ ಇದ್ದವರು ಯುಕೆಗೆ ಹೋಗಬೇಕೆಂದಿದ್ದ ನರ್ಸ್‌ಗಳು. ಅಲ್ಲಿನ ನರ್ಸಿಂಗ್ ಕೌನ್ಸಿಲ್ 9ರವರೆಗಿನ ಬ್ಯಾಂಡ್ ಅಂಕದಲ್ಲಿ ರೈಟಿಂಗ್‌ಗೆ 6.5, ಉಳಿದ ಮೂರಕ್ಕೂ 7 ಕೇಳುತ್ತದೆ. ಇವರು ಬರೆಯುವ ಅಕಾಡೆಮಿಕ್ ಮಾದರಿಯ ರೀಡಿಂಗ್‌ನಲ್ಲಿ 7 ಬರಬೇಕಾದರೆ 40ಕ್ಕೆ ಸುಮಾರು 30 ಸರಿ ಇರಬೇಕು. ಒಂದೊಂದು ಉತ್ತರಕ್ಕೂ ಇವರ ಜೀವ ಹೋಗಿ ಬರುವುದು ಸುಮ್ನೆ ಅಲ್ಲ.

ಕೆಳಗಿನ ದರ್ಶಿನಿಯಲ್ಲಿ ಎಲ್ಲರೂ ನಿಂತು ತಿನ್ನುತ್ತಿದ್ದರು. ಹಾಸನದ ಕಡೆಯ ಒಬ್ಬ ಹುಡುಗಿ ನೈಟ್ ಡ್ಯೂಟಿ ಮುಗಿಸಿ ನೇರ ಮಾಕ್‌ಗೆ ಬಂದಿದ್ದಳು. ಉಪ್ಪಿನ ವ್ಯಾಪಾರದ ಪ್ಯಾಸೇಜ್ ಮಾತಿಗೆ ಬಂತು. ಕೊಟ್ಟ ಹೇಳಿಕೆಯನ್ನು ಪ್ಯಾಸೇಜ್ ಒಪ್ಪಿದರೆ ಟ್ರೂ, ಅಲ್ಲಗಳೆದರೆ ಫಾಲ್ಸ್, ಆ ವಿಷಯವೇ ಇಲ್ಲದಿದ್ದರೆ ನಾಟ್ ಗಿವನ್ ಅಂತ ಬರೆಯಬೇಕು.

"ಹಡಗಿನಲ್ಲಿ ಸಾಗಿಸಿದ್ರೆ ಗಾಡಿಗಿಂತ ಬೇಗ ಅನ್ನೋದಕ್ಕೆ ಏನು ಹಾಕಿದ್ರಿ?"

"ಟ್ರೂ."

"ನಾನೂ ಟ್ರೂನೇ."

"ನಾಟ್ ಗಿವನ್ ಅಲ್ವಾ?" ಅಂದಳು ಆಕೆ.

"ಅಯ್ಯೋ, ಇತ್ತಲ್ಲಾ! ಎರಡನೇ ಪ್ಯಾರಾದಲ್ಲೇ ಇತ್ತು, ಎತ್ತಿನ ಗಾಡಿಗಿಂತ ಹಡಗೇ ಬೇಗ ಅಂತ."

"ಹೌದೌದು, ನಾನೂ ಓದ್ದೆ."

ಎಲ್ಲರೂ ನನ್ನ ಕಡೆ ತಿರುಗಿದರು. "ಸರ್, ನೀವೇ ಹೇಳಿ." ಆ ಸೆಟ್ ಆರಿಸಿದ್ದು ಬೇರೆ ಟ್ರೇನರ್. ಪೇಪರ್ ಮೇಲೆ ರೂಮಿನಲ್ಲಿತ್ತು. ನೀವು ಹೇಳೋ ಥರಾನೇ ಸಾಲು ಇದ್ದರೆ ಟ್ರೂ, ನೋಡದೆ ಹೇಳೋಕಾಗಲ್ಲ ಅಂದೆ. ಆಕೆಯ ಕಿವಿಗೆ ಬಿದ್ದಿದ್ದು 'ಟ್ರೂ' ಅನ್ನುವುದೊಂದೇ. ಮುಖ ಇಳಿದುಹೋಯಿತು. ಚಮಚ ತಟ್ಟೆಯಲ್ಲೇ ಇಟ್ಟು, "ಹಾಗಾದ್ರೆ ಇನ್ನೆರಡು ನಾಟ್ ಗಿವನ್‌ಗಳೂ ತಪ್ಪೇ ಇರಬೇಕು" ಅಂತ ಬೆರಳು ಮಡಚಿ ಎಣಿಸತೊಡಗಿದಳು. ಸರಿಯಾಗಿದ್ದವನ್ನೂ ತಾನೇ ತಪ್ಪಿಗೆ ಹಾಕಿಕೊಂಡಳು. 32ರಿಂದ ಶುರುವಾದ ಲೆಕ್ಕ 27ಕ್ಕೆ ಇಳಿಯಿತು. ಉಳಿದವರು ಆಗಲೇ ಹೆಡಿಂಗ್ಸ್ ಪ್ರಶ್ನೆಗಳಿಗೆ ಹೋಗಿದ್ದರು.

ಸ್ಪೀಕಿಂಗ್‌ನಲ್ಲಿ ಪಾರ್ಟ್ ಟು ಕ್ಯೂ ಕಾರ್ಡ್ (ಮಾತಾಡಬೇಕಾದ ವಿಷಯ ಬರೆದ ಚೀಟಿ) ಹಿಡಿದು ಅರ್ಧಕ್ಕೇ ನಿಂತಳು. ಯಾವತ್ತೂ ಎರಡು ನಿಮಿಷ ಆರಾಮಾಗಿ ಮಾತಾಡುವ ಹುಡುಗಿ. ಅವತ್ತು ಸ್ಪೀಕಿಂಗ್ ತೆಗೆದುಕೊಂಡ ಸಹೋದ್ಯೋಗಿ ಶೀಟಿನಲ್ಲಿ 6 ಬರೆದು, "ಏನಾಯ್ತು ಇವಳಿಗೆ?" ಅಂತ ನನ್ನನ್ನೇ ಕೇಳಿದರು.

ಆಮೇಲೆ ಪ್ಯಾಸೇಜ್ ತೆಗೆದು ಎಲ್ಲರ ಮುಂದೆ ಓದಿದೆ. ಹಡಗಿನಲ್ಲಿ ಸಾಗಿಸುವುದು ಗಾಡಿಗಿಂತ ಅಗ್ಗ ಅಂತಿತ್ತು, ಅಷ್ಟೇ. ಬೇಗವೋ ನಿಧಾನವೋ ಎಲ್ಲೂ ಇಲ್ಲ. ಆಕೆಯದೇ ಸರಿ.

ಉಳಿದವರು ಸುಳ್ಳು ಹೇಳಿರಲಿಲ್ಲ. ನಿಜಕ್ಕೂ ಹಾಗೆ ಓದಿದ ನೆನಪೇ ಅವರಿಗಿತ್ತು. ಟ್ರೂ ಅಂತ ಬರೆದವನ ತಲೆಯಲ್ಲಿ ಸಾಲೂ ಟ್ರೂ ಕಡೆಗೇ ವಾಲಿಕೊಂಡು ಕೂರುತ್ತದೆ. ಮೊದಲು ಹೇಳಿದವನ ವಾಕ್ಯವನ್ನೇ ಮುಂದಿನವರು ತಮ್ಮ ನೆನಪು ಅಂದುಕೊಳ್ಳುತ್ತಾರೆ. ಐದು ಜನ ಹೇಳಿದರು ಅಂದರೆ ಐದು ಸಾಕ್ಷಿ ಅಲ್ಲ. ಇದರಲ್ಲಿ ನಾಟ್ ಗಿವನ್ ಬರೆದವರ ಪಾಡು ಇನ್ನೂ ಕಷ್ಟ. ಟ್ರೂ ಅನ್ನುವವನಿಗೆ 'ಇಲ್ಲಿದೆ' ಅಂತ ಒಂದು ಸಾಲು ಹೇಳಲಿಕ್ಕಿರುತ್ತದೆ. ಇಲ್ಲದ್ದನ್ನು ಬಾಯಲ್ಲಿ ಹೇಗೆ ತೋರಿಸುವುದು? ಪೇಪರ್ ಇಲ್ಲದ ವಾದದಲ್ಲಿ ನಾಟ್ ಗಿವನ್ ಸೋತೇ ಸೋಲುತ್ತದೆ.

ಮಾರ್ಕ್ಸ್ ಹೋಲಿಕೆಯೂ ಹೀಗೇ. ಕೆನಡಾ ಪಿಆರ್‌ಗೆ (ಕಾಯಂ ವಾಸಕ್ಕೆ) ಜನರಲ್ ಟ್ರೇನಿಂಗ್ ಅನ್ನುವ ಇನ್ನೊಂದು ಮಾದರಿ ಬರೆಯುವವರೂ ಅದೇ ಗುಂಪಿನಲ್ಲಿರುತ್ತಾರೆ. "ನಂಗೆ 34, ನಿಂಗೆ 30 ಮಾತ್ರಾನಾ?" ಅಂತಾರೆ. ಅವರ 34ಕ್ಕೂ ಅಕಾಡೆಮಿಕ್‌ನ 30ಕ್ಕೂ ಬ್ಯಾಂಡ್ ಹೆಚ್ಚುಕಮ್ಮಿ ಒಂದೇ, 7.

ನನ್ನ ಸಿಟ್ಟು ಜಾಸ್ತಿ ಇರುವುದು ಮ್ಯಾನೇಜ್‌ಮೆಂಟ್ ಮೇಲೆ. ರೀಡಿಂಗ್ ಮುಗಿದ ಕೂಡಲೇ ವಾಟ್ಸಾಪ್ ಗ್ರೂಪಿಗೆ ಕೀ ಹಾಕಿ, ಗ್ರೂಪ್ ಆಕ್ಟಿವ್ ಆಗಿರಬೇಕು ಅಂತಾರೆ. ಮಧ್ಯಾಹ್ನ ಸ್ಪೀಕಿಂಗ್ ಇದೆ ಅನ್ನುವುದು ಯಾರಿಗೂ ಬೇಕಿಲ್ಲ. ಇನ್ನೂ ಮುಂದೆ ಹೋಗಿ, ಒರಿಜಿನಲ್ ಎಕ್ಸಾಂ ಬರೆದು ಬಂದವರ ಹತ್ತಿರ ಮೆಮೊರಿ ಕ್ವೆಶ್ಚನ್ಸ್ ಕೇಳಿ ಅಂತಾರೆ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಅಭ್ಯರ್ಥಿ ಒಪ್ಪಿಕೊಂಡೇ ಪರೀಕ್ಷೆಗೆ ಕೂತಿರುತ್ತಾರೆ. ನಮ್ಮ ಗ್ರೂಪ್ ಓಡಲಿ ಅಂತ ಅವರ ರಿಸಲ್ಟ್ ಅಪಾಯಕ್ಕೆ ಒಡ್ಡುವುದಾ? ನಾನು ಕೇಳುವುದಿಲ್ಲ, ಮೀಟಿಂಗಿನಲ್ಲೇ ಹೇಳಿದ್ದೇನೆ.

ನನ್ನ ಬ್ಯಾಚ್‌ಗಳಲ್ಲಿ ಈಗ ಕೀ ಹೋಗುವುದು ಕೊನೆಯ ಸ್ಪೀಕಿಂಗ್ ಸ್ಲಾಟ್ ಮುಗಿದ ಮೇಲೆ, ಪ್ಯಾರಾ ನಂಬರ್ ಸಮೇತ. ಚರ್ಚೆ ಏನಿದ್ದರೂ ಪ್ಯಾಸೇಜ್ ಮುಂದಿಟ್ಟುಕೊಂಡು. ಟ್ರೂ ಅಥವಾ ಫಾಲ್ಸ್ ಅನ್ನುವವರು ಸಾಲಿನ ಮೇಲೆ ಬೆರಳಿಡಬೇಕು. ಬೆರಳಿಡಲು ಜಾಗ ಸಿಗದಿದ್ದರೆ ನಾಟ್ ಗಿವನ್‌ನವರು ಬಾಯಿ ಬಿಡಬೇಕಾಗಿಯೇ ಇಲ್ಲ. ಒರಿಜಿನಲ್ ಬರೆದು ಬಂದವರಿಗೆ ಹೇಳುವುದು ಇಷ್ಟೇ: ಸ್ಪೀಕಿಂಗ್ ಬಾಕಿ ಇದ್ದರೆ ಗೆಳೆಯರ ಫೋನ್ ಎತ್ತಬೇಡಿ. ಬ್ಯಾಂಡ್ ಬಂದ ಮೇಲೆ ನಿಜಕ್ಕೂ ಅನುಮಾನ ಇದ್ದರೆ ಪರೀಕ್ಷೆಯ ದಿನದಿಂದ 6 ವಾರದೊಳಗೆ ಮರುಮೌಲ್ಯಮಾಪನಕ್ಕೆ ಹಾಕಿ, ಬ್ಯಾಂಡ್ ಏರಿದರೆ ಕಟ್ಟಿದ ಫೀಸ್ ವಾಪಸ್ ಬರುತ್ತದೆ.

ಗ್ರೂಪ್ ತಣ್ಣಗಾಗಿದೆ ಅಂತ ಮ್ಯಾನೇಜರ್ ಪ್ರತಿ ವಾರ ಗೊಣಗುತ್ತಾರೆ. ಶನಿವಾರ ಸಂಜೆ ತನಕ ಅದು ತಣ್ಣಗೇ ಇರಲಿ ಅಂತ ಅವರಿಗೂ ಹೇಳಿಯಾಗಿದೆ.